ಮುಚ್ಚಿದ ಡಬ್ಬಿ ತೆಗೆಯದ ಗುಲ್ಜಾರ್‌ಬೀ

ಕಾರ್ತಿಕದ ಮಂಜು ಈ ಬೆಳಿಗ್ಗೆ ಹೊಳೆ ದಂಡೆ ಬಿಟ್ಟು ಊರೊಳಗೇ ಬಂದು ಕೂತಿದೆ. ಹೊನ್ನಾಳಿಯಲ್ಲಿ ಖಾಸಗಿ ಬಸ್ಸುಗಳು ತಂಗುವ ಬಯಲಿಗೆ ಹೋದರೆ ಬಸ್ಸು ಕಾಣುವುದಿಲ್ಲ, ಅದರೊಳಗೆ ಪೊರಕೆ ಆಡುವ ಸದ್ದು ಮಾತ್ರ ಕೇಳುತ್ತದೆ. ಮಸೀದಿಯ ಆಜಾನು, ದೇವಸ್ಥಾನದ ಗಂಟೆ ಎರಡೂ ಕಂಬಳಿ ಹೊದ್ದು ಬಂದ ಹಾಗೆ ಮೆತ್ತಗೆ ಬರುತ್ತವೆ. ಆ ಸದ್ದಿನ ಜಾಡು ಹಿಡಿದು ಹೋದರೆ, ನ್ಯಾಮತಿಗೂ ಜಗಳೂರಿಗೂ ನಡುವೆ ಓಡುವ ಬಸ್ಸಿನ ಕೊನೆಯ ಸೀಟಿನಡಿ ಒಬ್ಬ ಹೆಂಗಸು ಮೊಣಕಾಲೂರಿ ಬಗ್ಗಿದ್ದಾರೆ. ಒಂದು ಕೈಯಲ್ಲಿ ಪೊರಕೆ, ಇನ್ನೊಂದರಲ್ಲಿ ಫೋನಿನ ಟಾರ್ಚು.

ಇವರು ಗುಲ್ಜಾರ್‌ಬೀ. ಬಸ್ಸು ಗುಡಿಸಿ ತೊಳೆಯುವುದು ಇವರ ಕೆಲಸ. ಕಡಲೆಕಾಯಿ ಸಿಪ್ಪೆ, ಬಾಡಿದ ಸೇವಂತಿಗೆ, ಯಾರೋ ಕೂಸಿನ ಒಂಟಿ ಕಾಲುಚೀಲ, ಎಲ್ಲ ಮುಂದಕ್ಕೆ ಬರುತ್ತವೆ. ಕಸ ಬಾಗಿಲ ಕಡೆ ಹೋಗುತ್ತದೆ. ಕಾಲುಚೀಲ ಮಾತ್ರ ಕುತ್ತಿಗೆಗೆ ನೇತುಹಾಕಿದ ಬಟ್ಟೆಯ ಚೀಲಕ್ಕೆ ಇಳಿಯುತ್ತದೆ. ಅದರ ಹಿಂದೆಯೇ ಒಂದು ಕನ್ನಡಕದ ಡಬ್ಬಿ ಸಿಗುತ್ತದೆ. ಒಳಗೆ ಕನ್ನಡಕ ಇದೆಯೋ ಇಲ್ಲವೋ ಎಂದು ಬೇರೆಯವರಾದರೆ ತೆಗೆದು ನೋಡುತ್ತಾರೆ. ಇವರು ನೋಡುವುದಿಲ್ಲ.

"ಏನಕ್ಕಾ, ಇವತ್ತು ಯಾರ ಮನೆ ಖಜಾನೆ ಸಿಕ್ತು?" ಕಂಡಕ್ಟರ್ ದುರುಗೇಶ್ ಟೀ ಲೋಟ ಹಿಡಿದು ಬಾಗಿಲಲ್ಲಿ ನಿಂತು ಕೇಳುತ್ತಾನೆ.

"ನಿನ್ನ ಬುದ್ಧಿ ಎಲ್ಲಾದ್ರೂ ಬಿದ್ದೈತೇನೋ ಅಂತ ಹುಡುಕ್ತಿದೀನಿ ಕಣೋ. ಇಷ್ಟು ವರ್ಷ ಆತು, ಸಿಗವಲ್ದು."

ಹೇಳಿಬಿಡುತ್ತೇನೆ, ಆ ಹೊತ್ತಿನಲ್ಲಿ ನನ್ನ ಕಣ್ಣೂ ಅವರ ಕೈ ಮೇಲೇ ಇತ್ತು. ಅದು ಅವರಿಗೆ ಗೊತ್ತಾಯಿತು. ಬೇಸರ ಮಾಡಿಕೊಳ್ಳಲಿಲ್ಲ. "ನೋಡ್ರಿ, ನೋಡ್ರಿ. ನೋಡೋರಿದ್ರೆ ನನಗೂ ನಿರಾಳ" ಅಂದರು.

ಕದ್ದವನಿಗೆ ಒಂದು ಪಾಪ, ಕಳಕೊಂಡವನಿಗೆ ಹತ್ತು ಪಾಪ ಎಂದು ನಮ್ಮ ಹಳ್ಳಿಗಳಲ್ಲಿ ಹಿರಿಯರು ಹೇಳುತ್ತಾರೆ. ಕದ್ದವನು ಕದ್ದ ಒಂದೇ ಪಾಪ ಹೊರುತ್ತಾನೆ. ಕಳಕೊಂಡವನು ಪಕ್ಕ ಕೂತವನು, ಎದುರು ಬಂದವನು, ಎಲ್ಲರನ್ನೂ ಅನುಮಾನಿಸಿ ಪಾಪ ಕಟ್ಟಿಕೊಳ್ಳುತ್ತಾನೆ. ಸಿಕ್ಕಿದ್ದನ್ನು ಎತ್ತಿಟ್ಟವರ ಪಾಲಿಗೆ ಏನು ಬರುತ್ತದೆ ಎಂಬುದನ್ನು ಮಾತ್ರ ಆ ಗಾದೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಗುಲ್ಜಾರ್‌ಬೀ ಜೊತೆ ಒಂದು ದಿನ ಬಸ್ಸಿನಲ್ಲಿ ಕೂರಬೇಕು.

ಈ ಕೆಲಸ ಮೊದಲು ಅವರ ಗಂಡ ನನ್ನೇಸಾಬರದಾಗಿತ್ತು. ಒಂದು ಮಳೆಗಾಲ ಬಸ್ಸಿನ ಟಾಪಿಗೆ ಮೂಟೆ ಏರಿಸುವಾಗ ಜಾರಿಬಿದ್ದು ಸೊಂಟ ಹೋಯಿತು. ಮಾಲೀಕರು ಪೊರಕೆಯನ್ನು ಹೆಂಡತಿಯ ಕೈಗೆ ಕೊಟ್ಟರು. ಊರಂಚಿನ ಒಂದೇ ಕೋಣೆಯ ಬಾಡಿಗೆ ಮನೆ, ಬಾಗಿಲು ತೆಗೆದರೆ ರಸ್ತೆ. ಆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನನ್ನೇಸಾಬರು ಹೋಗಿಬರುವ ಬಸ್ಸುಗಳನ್ನು ಹೆಸರು ಹಿಡಿದು ಮಾತಾಡಿಸುತ್ತಾರೆ. ಹೆಂಡತಿಗೆ ಅವರು ಹೇಳಿಕೊಟ್ಟ ಪಾಠ ಒಂದೇ: "ಮುಚ್ಚಿದ್ದನ್ನ ತೆಗೀಬ್ಯಾಡ. ತೆಗೆದ್ರೆ, ಇದ್ದಿದ್ದೂ ಕಡಿಮೆ ಆತು ಅಂತಾರೆ."

"ಸಿಕ್ಕಿದ್ದು ಅಮಾನತ್ತು ರೀ" ಎನ್ನುತ್ತಾರೆ ಗುಲ್ಜಾರ್‌ಬೀ. "ಇನ್ನೊಬ್ರ ವಸ್ತು, ನಮ್ಮ ಕೈಯಾಗೆ ಒಂದೀಟು ಹೊತ್ತು ಇರ್ತೈತೆ, ಅಷ್ಟೇ. ಅಲ್ಲಾ ನೋಡ್ತಿರ್ತಾನೆ, ದುರುಗೇಶನೂ ನೋಡ್ತಿರ್ತಾನೆ."

ಸಿಕ್ಕ ವಸ್ತುಗಳು ಇರುವುದು ಬಸ್ ಶೆಡ್ಡಿನ ಒಂದು ತಗಡಿನ ಟ್ರಂಕಿನಲ್ಲಿ. ಕೀಲಿ ಅವರ ಕೊರಳ ಕರಿಮಣಿ ಸರದಲ್ಲೇ ಇದೆ. ವಾರಸುದಾರರನ್ನು ಹುಡುಕುವುದು ಫೋನಿನಲ್ಲಿ. ಚನ್ನಗಿರಿಯಲ್ಲಿ ಝೆರಾಕ್ಸ್ ಅಂಗಡಿ ಇಟ್ಟಿರುವ ಶೈಲಾ, ಗಿರಾಕಿಗಳು ಮರೆತುಹೋದ ಮಾರ್ಕ್ಸ್ ಕಾರ್ಡುಗಳನ್ನು ಮುಟ್ಟಿಸಲು ಒಂದು ವಾಟ್ಸಾಪ್ ಗುಂಪು ಕಟ್ಟಿದರು. ಅದರ ಹೆಸರು 'ಸಿಕ್ಕಿದ್ದು ಸಿಗಲಿ'. ಈಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ನಾಲ್ಕು ತಾಲ್ಲೂಕಿನ ಕಂಡಕ್ಟರುಗಳು, ಹೋಟೆಲಿನವರು, ಸಂತೆ ವ್ಯಾಪಾರಿಗಳು, ಮೇಷ್ಟ್ರುಗಳು ಅದರಲ್ಲಿದ್ದಾರೆ. ಯಾರಿಗೂ ಸಂಬಳವಿಲ್ಲ. ಹೆಚ್ಚಿನವರು ಒಬ್ಬರ ಮುಖ ಒಬ್ಬರು ಕಂಡವರೂ ಅಲ್ಲ.

ಬಳಗಕ್ಕೆ ಅದರದೇ ಒಂದು ರೀತಿ ಇದೆ. ವಸ್ತುವಿನ ಫೋಟೋ ಹಾಕುವಾಗ ಒಂದು ಗುರುತನ್ನು ಬಚ್ಚಿಡುತ್ತಾರೆ. ಕೊಡೆಯ ಫೋಟೋ ಹಾಕಿದರೆ ಹಿಡಿಕೆ ತೋರಿಸುವುದಿಲ್ಲ. ಬಂದವರು ಆ ಗುರುತು ಹೇಳಬೇಕು, ವಸ್ತು ಒಯ್ಯಬೇಕು. ತಂದುಕೊಟ್ಟವರ ಹೆಸರನ್ನು ಯಾರಿಗೂ ಹೇಳುವುದಿಲ್ಲ. ಹೇಳಿದರೆ 'ನಿನ್ನ ಕೈಗೆ ಹೆಂಗೆ ಬಂತು' ಎಂದು ಮೊದಲ ಪ್ರಶ್ನೆ ಅವರಿಗೇ.

ಈ ಪದ್ಧತಿ ಒಮ್ಮೆ ಕೈಕೊಟ್ಟಿತು. ಅಲ್ಲಿಂದ ಗುಲ್ಜಾರ್‌ಬೀ ಕಷ್ಟ ಶುರುವಾಯಿತು.

ಹೋದ ಮಾಘ ಮಾಸದಲ್ಲಿ ಸಂತೇಬೆನ್ನೂರಿನ ಒಂದು ಮನೆಯ ಗೃಹಪ್ರವೇಶ. ಬಂದ ನೆಂಟರಿಗೆಲ್ಲ ಮನೆಯವರು ಒಂದೊಂದು ಸ್ಟೀಲ್ ಡಬ್ಬಿ ಕೊಟ್ಟರು. ತಳದಲ್ಲಿ ಮನೆ ಯಜಮಾನರ ಹೆಸರು, ತಾರೀಖು ಕೆತ್ತಿಸಿತ್ತು. ನಮ್ಮ ಕಡೆ ಯಾರ ಅಡುಗೆಮನೆಯಲ್ಲಿ ಪಾತ್ರೆ ಬೋರಲು ಹಾಕಿದರೂ ಇಂಥ ಒಂದು ಹೆಸರು ಕಾಣುತ್ತದೆ. ಮಾರನೆಯ ಬೆಳಿಗ್ಗೆ ಕೊನೆಯ ಸೀಟಿನಡಿ ಗುಲ್ಜಾರ್‌ಬೀಗೆ ಅಂಥದೊಂದು ಡಬ್ಬಿ ಸಿಕ್ಕಿತು. ಫೋಟೋ ಹಾಕಿದರು, ತಳದ ಹೆಸರನ್ನು ಬಚ್ಚಿಟ್ಟರು. ಚನ್ನಗಿರಿ ತಾಲ್ಲೂಕಿನ ಹಿರಿಯರೊಬ್ಬರು ಬಂದು ಹೆಸರನ್ನೂ ತಾರೀಖನ್ನೂ ತಡವರಿಸದೆ ಹೇಳಿ ಡಬ್ಬಿ ಒಯ್ದರು. ಆ ಹೆಸರು ಅವತ್ತು ಉಂಡ ಅಷ್ಟೂ ನೆಂಟರ ಕೈಯಲ್ಲಿತ್ತು ಎಂದು ಯಾರಿಗೂ ಹೊಳೆಯಲಿಲ್ಲ. ಮುಚ್ಚಳ ತೆಗೆದು ನೋಡಿದ್ದರೆ ಒಳಗೇನಿದೆ ಎಂದಾದರೂ ಕೇಳಬಹುದಿತ್ತು. ತೆಗೆಯುವ ಪದ್ಧತಿಯೇ ಇಲ್ಲ.

ವಾರದ ಮೇಲೆ ಜಗಳೂರಿನಿಂದ ಭೀಮಕ್ಕ ಫೋನ್ ಮಾಡಿದರು. ಅವರು ಅಲ್ಲಿಯ ಬಸ್ ಸ್ಟ್ಯಾಂಡ್ ಬಳಿ ತರಕಾರಿ ಮಾರುವವರು, ಸ್ವಂತ ಹಿತ್ತಲಲ್ಲಿ ಬೆಳೆದದ್ದನ್ನೇ ಹೆಚ್ಚಾಗಿ ಮಾರುವವರು. ಡಬ್ಬಿ ಅವರದು. ಅದರಲ್ಲಿದ್ದದ್ದು ಅವರ ತವರಿನ ಮುಳ್ಳುಬದನೆ ಬೀಜ. ತಾಯಿ ಕಾಲದಿಂದ ಒಬ್ಬರಿಂದ ಒಬ್ಬರಿಗೆ ಬಂದದ್ದು. ಅದನ್ನು ಕಾಪಾಡಿಕೊಂಡು ಬಂದ ಅಕ್ಕನ ಹಿತ್ತಲು ರಸ್ತೆ ಅಗಲಮಾಡುವಾಗ ಹೋಯಿತು. ಇನ್ನು ನನ್ನ ಕೈಲಾಗದು ತಂಗಿ, ನೀನೇ ಇಟ್ಕೋ ಎಂದು ಆ ಗೃಹಪ್ರವೇಶದಲ್ಲಿ ಉಳಿದಷ್ಟನ್ನೂ ಆ ಡಬ್ಬಿಗೇ ತುಂಬಿ ಕೊಟ್ಟುಬಿಟ್ಟಿದ್ದಳು. ಬೇರೆಲ್ಲೂ ಅದರ ಬೀಜ ಇಲ್ಲ.

ಗುಲ್ಜಾರ್‌ಬೀ ಆ ಹಿರಿಯರಿಗೆ ಫೋನ್ ಹಚ್ಚಿದರು. "ನನ್ನ ಡಬ್ಬಿಯೊಳಗೆ ಉಂಡೆ ಇತ್ತು, ತಿಂದೂ ಆತು" ಎಂದು ಅವರು ಇಟ್ಟುಬಿಟ್ಟರು. ಹಾಗಾದರೆ ಬೀಜ ಎಲ್ಲಿ? ಭೀಮಕ್ಕ ಗುಂಪಿನಲ್ಲೇ ಧ್ವನಿ ಸಂದೇಶ ಹಾಕಿದರು: "ಕೀಲಿ ಯಾರ ಕೊರಳಾಗೈತೋ ಅವರನ್ನ ಕೇಳ್ರಿ." ಅಂದಿನಿಂದ ಬಳಗದಲ್ಲಿ ಎರಡು ಮಾತು. ಗುಲ್ಜಾರ್‌ಬೀ ಫೋಟೋ ಹಾಕಿದರೆ 'ಒಳಗಿದ್ದದ್ದು ಒಳಗೇ ಐತಾ' ಎಂದು ಯಾರಾದರೂ ಕೇಳುತ್ತಾರೆ. ಜೊತೆಗೆ ನಗುವ ಮುಖದ ಚಿತ್ರ ಇರುತ್ತದೆ. ಅದು ನಗುವಲ್ಲ ಎಂದು ಎಲ್ಲರಿಗೂ ಗೊತ್ತು.

ಇಂಥ ಹೊತ್ತಿನಲ್ಲೇ ಬೆಂಗಳೂರಿನ ಒಂದು ಸಂಸ್ಥೆ ಬಳಗವನ್ನು ಕೈಹಿಡಿಯಲು ಬಂತು. ಅವರು ಕೆಟ್ಟವರೆಂದು ಹೇಳಲು ನನ್ನ ಬಳಿ ಏನೂ ಇಲ್ಲ. ನಿಮ್ಮ ಮುಂದಿನ ದಿಕ್ಕನ್ನು ನೀವೇ ತೀರ್ಮಾನಿಸಿ ಎಂದು ಪ್ರಶ್ನೆಗಳ ಒಂದು ಲಿಂಕನ್ನು ಶೈಲಾ ಮೂಲಕ ಗುಂಪಿಗೆ ಕಳಿಸಿದರು. ಐದು ವರ್ಷದ ನಂತರ ಬಳಗ ಹೇಗಿರಬೇಕು, ಆಪ್ ಬೇಕೇ, ಫೋಟೋ ಪೂರ್ತಿ ಹಾಕಬೇಕೇ, ಹೀಗೆ. ಕೊನೆಯ ಪ್ರಶ್ನೆ: ಸಿಕ್ಕ ವಸ್ತುಗಳು ಯಾರ ಬಳಿ ಇರಬೇಕು? ಕ್ಯಾಮೆರಾ ಇರುವ ಕೌಂಟರಿನಲ್ಲೋ, ಈಗಿರುವಲ್ಲೋ?

ಲಿಂಕ್ ಬಂದ ಗಳಿಗೆಗೇ ಯಾರೋ ಬರೆದರು: 'ಯಾರೂ ಒತ್ತಬ್ಯಾಡ್ರಿ, ಅಕೌಂಟ್ ಖಾಲಿ ಆಗ್ತದೆ.' ಇನ್ನೊಬ್ಬರು ಸೈಬರ್ ವಂಚನೆಯ ಎಚ್ಚರಿಕೆ ವಿಡಿಯೋ ಹಾಕಿದರು. ಮುಗಿಯಿತು, ಒಬ್ಬರೂ ಒತ್ತಲಿಲ್ಲ. ಲಿಂಕ್ ಕಳಿಸಿದ ಶೈಲಾರ ಫೋನನ್ನೇ ಯಾರೋ ಹ್ಯಾಕ್ ಮಾಡಿದ್ದಾರೆ ಎಂದು ಕೆಲವರು ಅವರನ್ನೂ ಬ್ಲಾಕ್ ಮಾಡಿದರು.

ಕೊನೆಗೆ ಶೈಲಾ ಗುಲ್ಜಾರ್‌ಬೀಯನ್ನು ಕೇಳಿಕೊಂಡರು. ದಿನಾ ಬಸ್ಸಿನಲ್ಲಿರುವವರು ಅವರೇ, ಮಾಲೀಕರು ಅವರಿಗೆ ಟಿಕೆಟ್ ಕೇಳುವುದಿಲ್ಲ. ಒಬ್ಬೊಬ್ಬರ ಬಳಿ ಹೋಗಿ, ಪ್ರಶ್ನೆ ಓದಿ, ಉತ್ತರವನ್ನು ಅವರದೇ ದನಿಯಲ್ಲಿ ಫೋನಿಗೆ ತುಂಬಿಕೊಂಡು ಕಳಿಸಬೇಕು. "ಅಕ್ಕ, ಕೊನೇ ಪ್ರಶ್ನೆ ನಿಮ್ಮ ಬಗ್ಗೆನೇ ಅಂತ ನನಗೂ ಗೊತ್ತು. ಬೇಕಾದ್ರೆ ಅದೊಂದು ಬಿಡ್ರಿ" ಎಂದಿದ್ದರಂತೆ ಶೈಲಾ. "ಅದನ್ನ ಬಿಟ್ರೆ ಉಳಿದಿದ್ದನ್ನ ಯಾಕೆ ಕೇಳ್ಬೇಕು" ಎಂದು ಇವರು ಅದನ್ನೇ ಮೊದಲು ಕೇಳುತ್ತಾರೆ.

ಹೀಗೆ ಒಂದು ತಿಂಗಳಿಂದ ನಡೆದಿದೆ. ನ್ಯಾಮತಿಯ ಹೋಟೆಲಿನ ಯರ್ರಿಸ್ವಾಮಿ ದೋಸೆ ತಿರುವುತ್ತಲೇ ಹೇಳಿದ್ದು ಫೋನಿನಲ್ಲಿದೆ: "ಮುಂದಿನ ಐದು ವರ್ಷ ಅಂತ ಕೇಳೋರು ಯಾರು ಗೊತ್ತೇನ್ರಿ? ಎಲೆಕ್ಷನ್ನಿಗೆ ನಿಂತೋರು. ಇವರು ಯಾವುದಕ್ಕೆ ನಿಂತಾರೆ, ಅದನ್ನ ಮೊದ್ಲು ಕೇಳ್ಕಂಡು ಬರ್ರಿ." ಸಾಸ್ವೆಹಳ್ಳಿಯ ಆಶಾ ಕಾರ್ಯಕರ್ತೆಯೊಬ್ಬರಿಗೆ ಪೂರ್ತಿ ಫೋಟೋ ಭಯ: "ಎಲ್ಲಾ ತೋರಿಸಿದ್ರೆ ಊರಿಗೂರೇ ನಂದು ನಂದು ಅಂತ ಬರ್ತೈತೆ." ಟ್ರಂಕು ಅಲ್ಲಿಂದ ಎತ್ತಲಿ ಎಂದವರೂ ಇದ್ದಾರೆ. ಎಷ್ಟು ಜನ ಎಂದರೆ ಗುಲ್ಜಾರ್‌ಬೀ ಹೇಳುವುದಿಲ್ಲ. ತುಂಬಿಕೊಂಡ ಮಾತನ್ನು ಹೇಳಿದವರಿಗೇ ಕೇಳಿಸಿ, 'ಸರಿ ಐತಾ' ಎಂದು ಕೇಳಿ, ಆಮೇಲೆ ಕಳಿಸುತ್ತಾರೆ.

ಟ್ರಂಕು ಹೋದರೆ ಹೋಗಲಿ, ಒಂದು ಕೆಲಸ ಕಡಿಮೆಯಾಯಿತಲ್ಲ ಎಂದೆ. ಅವರು ಕಿಟಕಿಯ ಮಂಜನ್ನು ಸೆರಗಿನಿಂದ ಒರೆಸಿದರು. "ಟ್ರಂಕು ಭಾರ ಅಲ್ಲ ರೀ. ಅದು ಹಿಂಗೆ ಹೋದ್ರೆ, ಕದ್ದಿದ್ದಕ್ಕೆ ಹೋತು ಅಂತ ಆಗ್ತೈತೆ. ನಾಳೆ ಮಾಲೀಕ್ರು ಪೊರಕೆನೂ ಕೊಡು ಅಂದ್ರೆ ನಾನೇನು ಹೇಳ್ಲಿ?"

ಬಸ್ಸು ಹೊರಟಿದೆ. ಇವತ್ತು ಎರಡು ಉತ್ತರ ಬಾಕಿ ಇವೆ. ಒಂದು ಆ ಹಿರಿಯರದು, ಇನ್ನೊಂದು ಭೀಮಕ್ಕನದು.

ಚನ್ನಗಿರಿ ದಾಟಿ ಸ್ವಲ್ಪ ಹೊತ್ತಿಗೆ ಒಂದು ಊರಿನ ನಿಲ್ದಾಣದಲ್ಲಿ ಹಿರಿಯರು ಹತ್ತುತ್ತಾರೆ. ಬಿಳಿ ಪಂಚೆ, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಒಂದು ಬಟ್ಟೆ ಚೀಲ. ತಮ್ಮ ಊರು, ಹೆಸರು ಬಿಟ್ಟು ಬರೆಯಲು ಅವರೇ ಒಪ್ಪಿದ್ದಾರೆ. ಗುಲ್ಜಾರ್‌ಬೀ ಡಬ್ಬಿಯ ಮಾತೆತ್ತುವುದಿಲ್ಲ. ಎಲ್ಲರನ್ನೂ ಕೇಳಿದ ಹಾಗೇ ಕೇಳುತ್ತಾರೆ: "ಸಿಕ್ಕಿದ ವಸ್ತು ಯಾರತ್ರ ಇರ್ಬೇಕು ಹೇಳ್ರಿ ಯಜಮಾನ್ರೇ."

ಹಿರಿಯರು ಬಟ್ಟೆ ಚೀಲವನ್ನು ತೊಡೆಯ ಮೇಲೆ ಎಳೆದುಕೊಳ್ಳುತ್ತಾರೆ. "ನಿಮ್ಮತ್ರನೇ ಇರ್ಲಿ. ನನ್ನಂಥೋರತ್ರ ಬ್ಯಾಡ."

ಫೋನು ಆರಿದ ಮೇಲೆ ಉಳಿದದ್ದನ್ನು ಹೇಳುತ್ತಾರೆ. ಅವರ ಡಬ್ಬಿ ಬಸ್ಸಿನಲ್ಲಿ ಬಿದ್ದೇ ಇರಲಿಲ್ಲ, ಪೆಂಡಾಲಿನಲ್ಲೇ ಉಳಿದಿತ್ತು. "ಮನೆಗೆ ಬಂದು ತೆಗೆದ್ರೆ ಬೀಜ. ನಾಳೆ ಕೊಟ್ರಾತು ಅಂದೆ, ಹಂಗೇ ವಾರ ಹೋತು. ಅಷ್ಟೊತ್ತಿಗೆ ನಿಮ್ಮ ಫೋನ್ ಬಂತು, ಸುತ್ತ ಜನ ಕೂತಿದ್ರು. ಉಂಡೆ ಅಂದುಬಿಟ್ಟೆ. ಒಂದ್ಸಲ ಅಂದ ಮ್ಯಾಲೆ ಹೊಳ್ಳಿ ಹೆಂಗೆ ಅನ್ನೋದು? ಮುಂಗಾರಿಗೆ ನಮ್ಮನೆಯಾಕೆ ಸಸಿ ಮಾಡಿದ್ಲು. ಆ ಗಿಡದ ಬೀಜನೇ ಇದು, ಅದೇ ಡಬ್ಬಿಯಾಗೈತೆ. ಜಗಳೂರಿಗೆ ಮುಟ್ಟಿಸಿಬಿಡ್ರವ್ವಾ." ಚೀಲ ಕೊಟ್ಟು ಮುಂದಿನ ನಿಲ್ದಾಣದಲ್ಲೇ ಇಳಿದು, ಮಂಜು ಇನ್ನೂ ಪೂರ್ತಿ ಹರಿಯದ ರಸ್ತೆಯಲ್ಲಿ ಹಿಂದಕ್ಕೆ ನಡೆಯುತ್ತಾರೆ.

ಗುಲ್ಜಾರ್‌ಬೀ ಚೀಲವನ್ನು ಮಡಿಲಲ್ಲಿ ಇಟ್ಟುಕೊಳ್ಳುತ್ತಾರೆ. ತೆಗೆಯುವುದಿಲ್ಲ. ಮುಖದಲ್ಲಿ ಗೆದ್ದ ಕಳೆ ಇರಬಹುದೆಂದು ನೋಡಿದೆ. ಇರಲಿಲ್ಲ. "ಆ ವಯಸ್ಸಿನೋರು ಇಷ್ಟು ದಿನ ಹೆಂಗೆ ನಿದ್ದೆ ಮಾಡಿದ್ರೋ" ಅಂದರು, ಅಷ್ಟೇ.

ಜಗಳೂರಿಗೆ ಬಂದರೆ ಮಂಜಿಲ್ಲ, ಬಿಸಿಲು ಚುರುಕಾಗಿದೆ. ಇಳಿಯುವ ಮೊದಲು ನಾನು, ಹೋದಕೂಡಲೇ ಡಬ್ಬಿ ಕೊಟ್ಟುಬಿಡಿ, ಎಲ್ಲ ಸರಿಹೋಗುತ್ತದೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಮೊದ್ಲು ಮಾತು. ಡಬ್ಬಿ ಕೊಟ್ಟು ಕೇಳಿದ್ರೆ ಅದು ಅಭಿಪ್ರಾಯ ಆಗಲ್ಲ ರೀ, ಮುಲಾಜು ಆಗ್ತೈತೆ."

ಭೀಮಕ್ಕ ಗೋಣಿತಾಟಿನ ಮೇಲೆ ಹೀರೇಕಾಯಿ, ಮೆಣಸಿನಕಾಯಿ ಹರಡಿಕೊಂಡು ಕೂತಿದ್ದಾರೆ. ಪಕ್ಕದಲ್ಲಿ ಹೂ ಮಾರುವ ಮೂಕಮ್ಮ. ಹೆಸರಷ್ಟೇ ಮೂಕಮ್ಮ, ಮಾತಿಗೇನೂ ಕಡಿಮೆಯಿಲ್ಲ. "ಬಂದ್ಲು ನೋಡೇ ನಿನ್ನ ಬೂಬಮ್ಮ" ಎಂದು ಆಕೆಯೇ ಮೊದಲು ಸಾರುತ್ತಾರೆ.

"ನನ್ನ ಬೂಬಮ್ಮ ಯಾಕಾಗ್ತಾಳೆ" ಎನ್ನುತ್ತಾರೆ ಭೀಮಕ್ಕ. ಆದರೂ ಕೂರಲು ಮಣೆ ಸರಿಸುತ್ತಾರೆ.

ಗುಲ್ಜಾರ್‌ಬೀ ಪ್ರಶ್ನೆ ಕೇಳುತ್ತಾರೆ. ಫೋನು ಇಬ್ಬರ ನಡುವೆ ಹೀರೇಕಾಯಿಯ ಮೇಲೆ ಇದೆ. ಭೀಮಕ್ಕ ಅದಕ್ಕೇ ಬಾಗಿ ಒಂದೊಂದೇ ಮಾತು ಬಿಡಿಸಿ ಹೇಳುತ್ತಾರೆ: "ಜಗಳೂರು ಭೀಮಕ್ಕ ಮಾತಾಡೋದು. ಟ್ರಂಕು ಆಯಮ್ಮನತ್ರ ಬ್ಯಾಡ. ನನಗೆ ಆಕೆ ಮ್ಯಾಲೆ ನಂಬಿಕೆ ಇಲ್ಲ. ಎಲ್ಲಿ ಬೇಕಾದ್ರೂ ಇಡ್ರಿ, ಅಲ್ಲಿ ಬ್ಯಾಡ."

ಗುಲ್ಜಾರ್‌ಬೀ ಅದನ್ನು ಕೇಳಿಸುತ್ತಾರೆ. ಬಸ್ ಸ್ಟ್ಯಾಂಡಿನ ಗದ್ದಲದ ನಡುವೆ ಆ ಮಾತು ಎರಡನೇ ಸಲ ಬರುತ್ತದೆ. "ಸರಿ ಐತಾ?"

"ಸರಿ ಐತೆ."

ಕಳಿಸುತ್ತಾರೆ. ಹೋಯಿತು ಎಂಬ ಗುರುತು ಬೀಳುವವರೆಗೆ ಕಾಯುತ್ತಾರೆ. ಆಮೇಲೆ ಚೀಲದಿಂದ ಡಬ್ಬಿ ತೆಗೆದು ಮೂಕಮ್ಮನ ಎದುರಿಗೇ ಇಡುತ್ತಾರೆ. "ಈ ಸಲ ತಳದ ಹೆಸರು ಕೇಳಾಕಿಲ್ಲ. ಒಳಗೆ ಏನಿತ್ತು, ಹೆಂಗಿತ್ತು, ಮೂಕಮ್ಮನೋರಿಗೆ ಕೇಳೋ ಹಂಗೆ ಹೇಳ್ರಿ."

ಭೀಮಕ್ಕನ ದನಿ ಇಳಿಯುತ್ತದೆ. "ಬದನೆ ಬೀಜ. ಬೂದಿಯಾಗೆ ಹೊರಳಿಸಿದ್ದು. ಮ್ಯಾಲೆ ಬೇವಿನ ಸೊಪ್ಪು."

ಮುಚ್ಚಳ ತೆಗೆಯುವುದು ಮೂಕಮ್ಮ. ಬೂದಿ ಇದೆ, ಬೇವಿನ ಎಲೆ ಇದೆ, ಎಲೆ ಇನ್ನೂ ಹಸಿರಿದೆ. ಭೀಮಕ್ಕ ಒಂದು ಚಿಟಿಕೆ ತೆಗೆದು ಅಂಗೈಯಲ್ಲಿ ಊದುತ್ತಾರೆ, ಬಿಸಿಲಿಗೆ ಹಿಡಿಯುತ್ತಾರೆ.

"ಯಾರು ಕೊಟ್ರು?"

"ಹೇಳಾಂಗಿಲ್ಲಮ್ಮಾ. ಬಳಗದ ರೀತಿ ಅದು."

"ಅಂದ್ರೆ ನಿನ್ನತ್ರನೇ ಇತ್ತು ಅನ್ನು" ಎಂದು ಮೂಕಮ್ಮ ನಕ್ಕುಬಿಡುತ್ತಾರೆ. ಗುಲ್ಜಾರ್‌ಬೀ ನೆಲ ನೋಡುತ್ತಾರೆ. ಒಂದು ಹೆಸರು ಹೇಳಿದರೆ ಮುಗಿಯುತ್ತಿತ್ತು. ಹೇಳುವುದಿಲ್ಲ.

ಭೀಮಕ್ಕ ಮಾತ್ರ ನಗುವುದಿಲ್ಲ. ಅಂಗೈಯನ್ನು ಮತ್ತೆ ನೋಡುತ್ತಾರೆ. "ಸುಮ್ನಿರೇ ಮೂಕಿ. ಇದು ನಮ್ಮಕ್ಕ ಕೊಟ್ಟ ಬೀಜ ಅಲ್ಲ, ಅದರ ಮಗಳು. ಈ ವರ್ಷದ ಹೊಸ ಬೀಜ. ಯಾರೋ ಸಸಿ ಮಾಡಿ, ನೀರು ಕಟ್ಟಿ, ಕಾಯಿ ಹಣ್ಣಾಗಾಕೆ ಬಿಟ್ಟು ತೆಗೆದಿದಾರೆ." ಗುಲ್ಜಾರ್‌ಬೀ ಕಡೆ ತಿರುಗುತ್ತಾರೆ. "ನಿನಗೆ ಹಿತ್ತಲೈತೇನು?"

"ಬಾಗಿಲು ತೆಗೆದ್ರೆ ರೋಡು ನಮ್ದು."

"ಹಂಗಾರೆ ಬೆಳೆದೋಳು ನೀನಲ್ಲ" ಎಂದು ಭೀಮಕ್ಕ ಅಂಗೈಯ ಬೀಜವನ್ನು ಡಬ್ಬಿಗೆ ಮರಳಿ ಹಾಕುತ್ತಾರೆ. ಗಿರಾಕಿಯೊಬ್ಬ ಮೆಣಸಿನಕಾಯಿ ಕೇಳಿದರೆ, ಆಮೇಲೆ ಬಾ ಎಂದು ಕಳಿಸುತ್ತಾರೆ.

"ಮೊದಲಿನ ಮಾತು ಅಳಿಸು" ಎನ್ನುತ್ತಾರೆ ಭೀಮಕ್ಕ.

"ಅಳಿಸಾಕೆ ಬರಲ್ಲಮ್ಮಾ, ಹೋತು ಅದು. ಇನ್ನೊಂದು ಹೇಳೋದಿದ್ರೆ ಹೇಳ್ರಿ, ಎರಡೂ ಇರ್ತಾವೆ."

ಭೀಮಕ್ಕ ಫೋನಿಗೆ ಬಾಗುತ್ತಾರೆ. "ಜಗಳೂರು ಭೀಮಕ್ಕನೇ. ಮೊದ್ಲು ಹೇಳಿದ್ದೂ ನಾನೇ, ಈಗ ಹೇಳೋದೂ ನಾನೇ. ಟ್ರಂಕು ಇದ್ದಲ್ಲೇ ಇರ್ಲಿ. ಮುಚ್ಚಳ ಮಾತ್ರ ಇಬ್ರ ಎದುರಿಗೆ ತೆಗೀಲಿ. ಅಷ್ಟೇ ನಮ್ಮ ದಿಕ್ಕು."

ಭಾನುವಾರ ಶೈಲಾರ ಅಂಗಡಿಯಲ್ಲಿ ಎಲ್ಲ ದನಿಗಳನ್ನೂ ಸಂಸ್ಥೆಯವರಿಗೆ ಕೇಳಿಸಲಿದ್ದಾರೆ. ಏನಾಗುತ್ತದೋ ಬಲ್ಲವರಿಲ್ಲ. ನಿಮ್ಮ ಆಸೆ ಏನು ಎಂದು ಗುಲ್ಜಾರ್‌ಬೀಯನ್ನು ಕೇಳಿದ್ದಕ್ಕೆ, "ಆ ಕೂಸಿನ ಕಾಲುಚೀಲ ಐತಲ್ಲ, ಚಳಿ ಬಿತ್ತು ನೋಡ್ರಿ, ಇವತ್ತೇ ಯಾರಾದ್ರೂ ಫೋನ್ ಮಾಡ್ಲಿ" ಅಂದರು.

ದುರುಗೇಶ್ ದೂರದಿಂದ ಸೀಟಿ ಊದುತ್ತಾನೆ. ಬಸ್ಸು ಹೊರಡುವ ಹೊತ್ತು. ಭೀಮಕ್ಕ ಮೂಕಮ್ಮನಿಂದ ಒಂದು ಬಾಳೆಲೆ ತುಂಡು ಇಸಕೊಂಡು, ಡಬ್ಬಿಯ ಬೀಜವನ್ನು ಅದರ ಮೇಲೆ ಸುರಿಯುತ್ತಾರೆ. ಬೆರಳಿನಿಂದ ಸರಿಯಾಗಿ ಎರಡು ಪಾಲು ಮಾಡುತ್ತಾರೆ. ನಮ್ಮಲ್ಲಿ ಬೀಜ ಒಬ್ಬರದು, ನೆಲ ಇನ್ನೊಬ್ಬರದು ಆದರೆ ಬೆಳೆ ಸಮಪಾಲು. ಬೆಳೆದವರು ಯಾರೆಂದು ಅವರು ಮತ್ತೆ ಕೇಳುವುದಿಲ್ಲ. ಒಂದು ಪಾಲನ್ನು ಎಲೆಯಲ್ಲಿ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ಇನ್ನೊಂದನ್ನು, ಬೆಳೆದವರಿಗೆ ಮುಟ್ಟಿಸಲು, ಡಬ್ಬಿಗೆ ತುಂಬಿ, ಬೇವಿನ ಎಲೆ ಇಟ್ಟು, ಮುಚ್ಚಳ ಒತ್ತಿ, ಗುಲ್ಜಾರ್‌ಬೀ ಕೈಯಲ್ಲಿ ಇಡುತ್ತಾರೆ.